ಶೀತಲಳ ಜ್ವರ, ಮಾಯಾಳ ರಜೆ

ಮೂರನೆಯ ಅಲೆ ಬಂದಾಗ ಖಾನಾಪುರದ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಕೋವಿಡ್ ಬಂದದ್ದು ಶೀತಲಳಿಗೆ. ಹೆಸರು ಶೀತಲ, ಮೈ ಕೆಂಡ. ಓಣಿಯವರು ಪಾಪ ಅಂದರು. ಅವಳ ನೆಗೆಣ್ಣಿ ಮಾಯಾ ಮಾತ್ರ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು, "ಬರೂದ ಬಂತು, ಈಕಿಗೇ ಬರಬೇಕಿತ್ತ ನೋಡ್ರಿ" ಅಂದಳು. ಕೇಳಿದವರು ಅದನ್ನು ಕನಿಕರ ಅಂತ ತಿಳಿದುಕೊಂಡರು. ನಾನೂ ಹಾಗೇ ತಿಳಿದುಕೊಂಡಿದ್ದೆ. ಆಮೇಲೆ ಅವಳೇ ಬಸ್ಸಿನಲ್ಲಿ ಕೂತು ಎಲ್ಲ ಹೇಳಿದ ಮೇಲೆ ಗೊತ್ತಾಯಿತು, ಅದು ಅಪ್ಪಟ ಹೊಟ್ಟೆಕಿಚ್ಚು.

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಡಿಗೆಮನೆಗೆ ಬಂದು ಸೇರಿದ ಹೆಂಗಸರನ್ನು ನಮ್ಮ ಕಡೆ ನೆಗೆಣ್ಣಿಯರು ಅನ್ನುತ್ತಾರೆ. ಶಬ್ದದಲ್ಲಿ ನಗೆ ಇದ್ದ ಹಾಗೆ ಕೇಳಿಸುತ್ತದೆ. ಇರುವುದು ಶಬ್ದದಲ್ಲಿ ಮಾತ್ರ. ಶೀತಲ ಹಿರಿಯ ಮಗನ ಹೆಂಡತಿ, ಮಾಯಾ ಕಿರಿಯವನಾದ ಗಜಾನನನ ಹೆಂಡತಿ. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸು ಹಿಡಿದು ಮಚ್ಛೆಯಲ್ಲಿ ಇಳಿದು ಒಂದೇ ಕಾರ್ಖಾನೆಗೆ ಹೋಗುತ್ತಿದ್ದರು. ಅಲ್ಲಿ ಪಂಪುಗಳಿಗೆ ಹಾಕುವ ರಬ್ಬರ್ ಉಂಗುರ ಮಾಡುತ್ತಾರೆ. ಮಾಯಾಳ ಕೆಲಸ ಒಂದೊಂದೇ ಉಂಗುರವನ್ನು ಬೆರಳಲ್ಲಿ ತಿರುಗಿಸಿ ಸೀಳು ಇದೆಯೋ ಇಲ್ಲವೋ ನೋಡುವುದು. ಶೀತಲಳದು ಪ್ಯಾಕಿಂಗ್. ಆದರೆ ಶೀತಲ ಪರ್ಮನೆಂಟ್, ಅವಳಿಗೆ ನೀಲಿ ಏಪ್ರನ್. ಮಾಯಾ ಟೆಂಪರವರಿ, ಅವಳಿಗೆ ಹಸಿರು. ಒಗೆದು ತಂತಿಯ ಮೇಲೆ ಪಕ್ಕ ಪಕ್ಕ ಹಾಕಿದಾಗ ನೀಲಿಯದು ಬೇಗ ಒಣಗುತ್ತದೆ ಅಂತಲೂ ಮಾಯಾಳಿಗೆ ಗುಮಾನಿ ಇತ್ತು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ನೆರೆಯವನ ಎತ್ತು, ಕತ್ತೆ, ಮನೆ ಯಾವುದಕ್ಕೂ ಆಸೆಪಡಬೇಡಿ ಅಂತ ಬಾಯಿಪಾಠ ಮಾಡಿಸಿದ್ದರು. ನೆರೆಯವನ ಜ್ವರದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಪಾರಿಶ್ವಾಡದ ಕುರಿ ಕಾಯುವವರ ಮನೆಯಿಂದ ಬಂದ ಮಾಯಾಳಿಗಂತೂ ಆ ಪಾಠವೂ ಆಗಿರಲಿಲ್ಲ. ಅವಳು ಧಾರಾಳವಾಗಿ ಆಸೆಪಟ್ಟಳು.

ಅದಕ್ಕೆ ಕಾರಣವೂ ಇತ್ತು. ಕಾರ್ಖಾನೆಯ ಮಾಲಕರು ಒಂದು ನಿಯಮ ಮಾಡಿದ್ದರು. ಪಾಸಿಟಿವ್ ರಿಪೋರ್ಟ್ ಕಳಿಸಿದವರಿಗೆ ಕೋವಿಡ್ ರಜೆ. ಪೂರ್ತಿ ಪಗಾರ, ಬೇರೆ ರಜೆಗಳಿಗೆ ಕೈ ಹಚ್ಚುವಂತಿಲ್ಲ, ಸರ್ವಿಸ್ ಮುರಿಯುವುದಿಲ್ಲ. ಪರ್ಮನೆಂಟರಿಗೂ ಟೆಂಪರವರಿಗಳಿಗೂ ಒಂದೇ. ಹೀಗೆ ಶೀತಲ ಪಗಾರದ ಮೇಲೆ ಮಲಗಿದಳು. ಮಾಳಿಗೆಯ ಕೋಣೆಯಲ್ಲಿ ಒಬ್ಬಳೇ, ಮೊಬೈಲಿನಲ್ಲಿ ಧಾರಾವಾಹಿ, ಕಿಟಕಿಯಲ್ಲಿ ಬಿಸಿಲು. ಅತ್ತೆ ಸಾತವ್ವ ಮೆಟ್ಟಿಲ ಬುಡದಲ್ಲಿ ಕೂತು ಕಿತ್ತಳೆ ಸುಲಿದು, ತೊಳೆ ಬಿಡಿಸಿ, ತಾಟಿನಲ್ಲಿಟ್ಟು ಮೇಲಕ್ಕೆ ಕಳಿಸುತ್ತಿದ್ದಳು. ಸಾತವ್ವ ತನ್ನ ಕೈಯಾರೆ ಸುಲಿದ ಕಿತ್ತಳೆಯನ್ನು ಮಾಯಾ ಆವರೆಗೆ ಕಂಡಿರಲಿಲ್ಲ.

ಇತ್ತ ಮಾಯಾಳಿಗೆ ಇಬ್ಬರ ಪಾಲಿನ ರೊಟ್ಟಿ, ಇಬ್ಬರ ಪಾಲಿನ ಪಾತ್ರೆ, ಆಮೇಲೆ ಬಸ್ಸು, ಆಮೇಲೆ ಉಂಗುರ. ರೊಟ್ಟಿ ಬಡಿಯುವಾಗ ಮೇಲಿನಿಂದ ಕೆಮ್ಮು ಕೇಳಿಸುತ್ತಿತ್ತು. ಅವಳು ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಆ ಕೆಮ್ಮಿನಲ್ಲೂ ಒಂದು ಪರ್ಮನೆಂಟ್ ಗತ್ತಿತ್ತಂತೆ. ತಾನೂ ಒಮ್ಮೆ ಕೆಮ್ಮಿ ನೋಡಿದಳು. ಸಾತವ್ವ ಅಲ್ಲಿಂದಲೇ, "ಹಿಟ್ಟ ಮೂಗಿಗೆ ಹೋತೇನ? ಅತ್ತಾಗ ತಿರಗಿ ಕೆಮ್ಮು, ರೊಟ್ಟಿ ಮ್ಯಾಲೆ ಬೀಳತೇತಿ" ಅಂದಳು.

ಕೊನೆಗೆ ಒಂದು ಬೆಳಿಗ್ಗೆ ಮಾಯಾ ಎದ್ದಾಗ ಗಂಟಲಲ್ಲಿ ಮುಳ್ಳು, ಮೈಯಲ್ಲಿ ನಡುಕ. ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. ಗಜಾನನ ಟೆಂಪೋ ಹೊಡೆಯುವವನು, ಎದ್ದ ಕೂಡಲೆ ಕೈ ಹ್ಯಾಂಡ್‌ಬ್ರೇಕ್ ಹುಡುಕುತ್ತದೆ. ಆ ಕೈಯನ್ನು ಹಿಡಿದು ಹಣೆಯ ಮೇಲಿಟ್ಟುಕೊಂಡಳು.

"ಬಿಸಿ ಐತಿ?"

"ಹೂಂ. ಸುಡಾಕ ಹತ್ತೇತಿ."

"ಆಕಿಗಿಂತ ಹೆಚ್ಚ ಐತೇನ?"

"ಆಕಿದು ನಾ ಹೆಂಗ ಮುಟ್ಟಿ ನೋಡ್ಲಿ? ಬಡಿಸ್ಕೊಳ್ಳಾಕ?"

ಮಾಯಾ ಸಮಾಧಾನದಿಂದ ಕಣ್ಣು ಮುಚ್ಚಿದಳು.

ಕಾರ್ಖಾನೆಯವರು ಹೇಳಿದ್ದ ಲ್ಯಾಬಿನಿಂದ ಪ್ರಮಿಳಾ ಎಂಬ ಹೆಂಗಸು ಸ್ಕೂಟರಿನಲ್ಲಿ ಬಂದಳು. ಅಂಗಳದಲ್ಲಿ ಮಾಯಾಳನ್ನು ಕೂರಿಸಿ ಮೊದಲು ಗಂಟಲಿಗೆ, ಆಮೇಲೆ ಮೂಗಿಗೆ ಕಡ್ಡಿ ಹಾಕಿದಳು. ಪ್ರಮಿಳಾ ಕೆಲಸದಲ್ಲಿ ಬಲು ಚುರುಕು. ಕಡ್ಡಿ ಮೂಗಿನ ಒಳಗಿರುವಾಗಲೇ, "ಹೆಸರೇನ್ರಿ?" ಅಂತ ಕೇಳಿದಳು. ಮೂಗಿನಲ್ಲಿ ಕಡ್ಡಿ ಇದ್ದವರು ಹೆಸರು ಹೇಳುವುದಿಲ್ಲ, ಹೆಚ್ಚೆಂದರೆ ದೇವರ ಹೆಸರು ಹೇಳುತ್ತಾರೆ. ಹೊಸ್ತಿಲಲ್ಲಿ ನಿಂತಿದ್ದ ಸಾತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು, "ನಮ್ಮ ಮಾಯಾ. ಮಾಯಾ ಗಜಾನನ ಅಂತ ಬರಕೋರಿ."

ಮಾಯಾ ನೀರು ತುಂಬಿದ ಕಣ್ಣಲ್ಲಿ ನೋಡಿದಳು. ಜ್ವರ ಬಿಟ್ಟು ಕೆಳಗಿಳಿದು ಬರುತ್ತಿದ್ದ ಶೀತಲ ಮೆಟ್ಟಿಲ ಮೇಲೆ ನಿಂತು ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದಳು.

ರಿಪೋರ್ಟ್ ಗಜಾನನನ ಮೊಬೈಲಿಗೆ ಬಂತು. ಪಾಸಿಟಿವ್. ಮನೆಯವರೆಲ್ಲ ಆ ಒಂದು ಶಬ್ದ ಓದಿದರು, ಬೇರೇನೂ ಓದಲಿಲ್ಲ. ಗಜಾನನ ಅದನ್ನು ಕಾರ್ಖಾನೆಗೆ ಕಳಿಸಿದ. ಮಾಯಾ ಮಾಳಿಗೆ ಹತ್ತಿದಳು, ಶೀತಲ ಬಸ್ಸು ಹತ್ತಿದಳು.

ಮಾಳಿಗೆ ಮಾತ್ರ ಮೊದಲಿನಂತಿರಲಿಲ್ಲ. ಮೋಡ ಕವಿದು ಕಿಟಕಿಯ ಬಿಸಿಲು ಹೋಗಿತ್ತು. ಕಿತ್ತಳೆಯವನಿಗೇ ಜ್ವರ ಬಂದು ಅವನು ಓಣಿಗೆ ಬರುವುದು ನಿಂತಿತ್ತು. ಸಾತವ್ವನ ಉತ್ಸಾಹವೆಲ್ಲ ಹಿರೇ ಸೊಸೆಯ ಜ್ವರಕ್ಕೇ ಖರ್ಚಾಗಿ ಇವಳಿಗೆ ಗಂಜಿ ಮಾತ್ರ ಉಳಿದಿತ್ತು. ಅದೂ ಎರಡನೆಯ ಬಾರಿ ಬಿಸಿ ಮಾಡಿದ್ದು. "ಜ್ವರಾನೂ ಆಕಿ ಹಾಸಿ ಬಿಟ್ಟ ಹಾಸಗಿ ಮ್ಯಾಲೇ ಬಂತ್ರಿ ನನಗ," ಅಂತ ಮಾಯಾ ನನ್ನ ಮುಂದೆ ಹೇಳಿದ್ದುಂಟು. ಆದರೂ ರಜೆ ರಜೆಯೇ. ಅವಳು ಕಾಲು ಚಾಚಿ ಮಲಗಿ, ಕೆಳಗೆ ಪಾತ್ರೆ ತಿಕ್ಕುವ ಸದ್ದು ಕೇಳುತ್ತ, ಆ ಸದ್ದು ತನ್ನ ಕೈಯದಲ್ಲ ಅಂತ ನೆನೆನೆನೆದು ಗುಣವಾದಳು.

ಮರಳಿ ಕೆಲಸಕ್ಕೆ ಹೋಗುವ ತಯಾರಿಯಲ್ಲಿದ್ದಾಗ ಬಸವಪ್ರಸಾದರ ಫೋನ್ ಬಂತು. ಕಾರ್ಖಾನೆಯಲ್ಲಿ ರಜೆ, ಹಾಜರಿ ನೋಡಿಕೊಳ್ಳುವ ಬೆಳಗಾವಿಯ ಮನುಷ್ಯ. ಮೆತ್ತಗೆ ಮಾತಾಡುತ್ತಾರೆ, ಅದಕ್ಕೇ ಎಲ್ಲರಿಗೂ ಅವರ ಹೆದರಿಕೆ.

"ಅಕ್ಕಾರ, ಒಂದ ರಿಪೋರ್ಟ್ ಬಂದೇತ್ರಿ. ಈ ಮಾಯಾ ಯಾರು?"

"ನಾನ ರೀ."

"ನೀವು ಸಾವಂತ್ರವ್ವ ಅಲ್ಲೇನ್ರಿ?"

"ಹೌದ್ರಿ, ಸಾವಂತ್ರವ್ವನೂ ನಾನ."

"ಹಂಗಾರ ಪಾಸಿಟಿವ್ ಬಂದದ್ದ ಯಾರಿಗಿ?"

"ಇಬ್ಬರಿಗೂ ರೀ."

ಆ ಕಡೆಯಿಂದ ಬಸವಪ್ರಸಾದರು ಮತ್ತೊಮ್ಮೆ ಕೀಲಿಮಣೆ ಕುಟ್ಟಿದ ಸದ್ದು ಕೇಳಿಸಿತು. "ನಾ ನಂಬತೇನ್ರಿ ಅಕ್ಕಾರ. ಆದ್ರ ನಮ್ಮ ಕಂಪ್ಯೂಟರದಾಗ ಮಾಯಾ ಅಂತ ಹೊಡದ್ರ ಎಲ್ಲಾ ಮಾಯ ಆಗತೇತಿ. ಅಂಥಾ ಕೆಲಸದಾಕಿ ನಮ್ಮಲ್ಲಿಲ್ಲ."

ಅದರಲ್ಲಿ ಕಂಪ್ಯೂಟರಿನ ತಪ್ಪೇನೂ ಇರಲಿಲ್ಲ. ಖಾನಾಪುರದ ಕಡೆ ಮರಾಠಿಯವರ ಬಾಜುವಿನಲ್ಲಿ ಬಾಳಿ ಬಾಳಿ ಕನ್ನಡದವರ ಎಷ್ಟೋ ಮನೆಗಳಲ್ಲೂ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಬಂದಿದೆ. ತಾಟಿನ ತುಂಬ ಅಕ್ಕಿ ಹರವುತ್ತಾರೆ. ಮದುಮಗ ಬಂಗಾರದ ಉಂಗುರದಿಂದ ಅಕ್ಕಿಯಲ್ಲಿ ಹೆಸರು ಬರೆಯುತ್ತಾನೆ. ಎಲ್ಲರಿಗೂ ಪೇಢೆ ಹಂಚುತ್ತಾರೆ. ಅಲ್ಲಿಗೆ ತವರಿನ ಹೆಸರು ಮುಗಿಯಿತು. ಪಾರಿಶ್ವಾಡದ ಸಾವಂತ್ರವ್ವ ಹಾಗೆ ಮಾಯಾ ಆಗಿದ್ದಳು. ಆದರೆ ಅಕ್ಕಿಯ ಮೇಲೆ ಬರೆದದ್ದು ಅವತ್ತೇ ಅನ್ನವಾಗಿತ್ತು. ಆಧಾರ್, ಬ್ಯಾಂಕು, ಕಾರ್ಖಾನೆ ಎಲ್ಲ ಕಡೆ ಅವಳಿನ್ನೂ ಸಾವಂತ್ರವ್ವ. ಸಾತವ್ವನಿಗೆ ಅದರ ನೆನಪೂ ಇರಲಿಲ್ಲ. ತಾನೇ ಆರಿಸಿ ಇಟ್ಟ ಹೆಸರು, ಅದನ್ನೇ ಬರೆಸಿದಳು.

"ಈ ತಿಂಗಳ ಪರ್ಮನೆಂಟ್ ಮಾಡೋ ಯಾದಿ ಮಾಲಕರ ಕಡೆ ಹೋಗತೇತ್ರಿ," ಬಸವಪ್ರಸಾದರು ಮುಂದುವರಿಸಿದರು. "ಅದರಾಗ ನಿಮ್ಮ ಹೆಸರ ಐತಿ. ರಜಾ ಪಾಸ್ ಆಗ್ಲಿಲ್ಲ ಅಂದ್ರ ಹೇಳದ ಕೇಳದ ಮನ್ಯಾಗ ಕುಂತಂಗ ಆಗತೇತಿ. ಸರ್ವಿಸ್ ಮುರೀತೇತಿ. ಮತ್ತ ಮೊದಲಿಂದ ಸುರು."

ಮಾಯಾ ಮಂಚದ ಮೇಲೆ ಕೂತಳು. ಹಸಿರು ಏಪ್ರನ್ನಿನಲ್ಲಿ ಅವಳು ಸವೆಸಿದ ಕಾಲವೆಲ್ಲ ಒಂದು ಮೂಗಿನ ಕಡ್ಡಿಯ ತುದಿಗೆ ಬಂದು ನಿಂತಿತ್ತು.

ಮೊದಲು ಪ್ರಮಿಳಾಳಿಗೆ ಫೋನ್ ಮಾಡಿದರು. "ಒಮ್ಮೆ ಮ್ಯಾಲೆ ಹೋದ ರಿಪೋರ್ಟ್ ತಿದ್ದಾಕ ಬರೂದಿಲ್ರಿ. ಮತ್ತೊಮ್ಮೆ ಟೆಸ್ಟ್ ಮಾಡ್ತೇನಿ, ಈ ಸಲ ಸರಿ ಹೆಸರ ಹೇಳ್ರಿ," ಅಂದಳು. ಮಾಡಿದಳು. ಈ ಸಲ ಕಡ್ಡಿ ಹಾಕುವ ಮೊದಲೇ ಮಾಯಾ ಸಾವಂತ್ರವ್ವ ಸಾವಂತ್ರವ್ವ ಅಂತ ಜಪಿಸಿದಳು. ರಿಪೋರ್ಟು ನೆಗೆಟಿವ್ ಬಂತು. ಹಾಳು ಮೈ ಗುಣವಾಗಿಬಿಟ್ಟಿತ್ತು. ಈಗ ದಾಖಲೆಯ ಪ್ರಕಾರ ಕಾರ್ಖಾನೆಗೆ ಸಂಬಂಧವೇ ಇಲ್ಲದ ಮಾಯಾ ಎಂಬವಳಿಗೆ ರೋಗ ಇತ್ತು, ಕೆಲಸಕ್ಕೆ ಬಾರದೆ ಮನೆಯಲ್ಲಿ ಕೂತ ಸಾವಂತ್ರವ್ವ ಗಟ್ಟಿಮುಟ್ಟಾಗಿದ್ದಳು.

ಎರಡೂ ಹೆಸರು ಒಬ್ಬಳವೇ ಅಂತ ಹೇಳುವ ಕಾಗದಕ್ಕೆ ಮನೆಯೆಲ್ಲ ಹುಡುಕಿದರು. ಲಗ್ನಪತ್ರಿಕೆಯಲ್ಲಿ ಸಾವಂತ್ರವ್ವ ಅಂತಿತ್ತು, ಅದು ಅಕ್ಕಿಗಿಂತ ಮೊದಲು ಅಚ್ಚಾದದ್ದು. ಮಾಯಾ ಅಂತ ಜಗತ್ತಿನಲ್ಲಿ ಬರೆದಿದ್ದದ್ದು ಒಂದೇ ಕಡೆ, ಗಜಾನನನ ಟೆಂಪೋದ ಬೆನ್ನ ಮೇಲೆ, ಎರಡು ಗುಲಾಬಿಗಳ ನಡುವೆ. ಗಜಾನನ ಹುರುಪಿನಿಂದ ಅದರ ಫೋಟೋ ತೆಗೆದು ಕಳಿಸಿದ. ಬಸವಪ್ರಸಾದರು ತಿರುಗಿ ಬರೆದರು: 'ಈ ಹೆಸರ ನಿಮ್ಮ ಹೆಂಡ್ತೀದೋ ಟೆಂಪೋದ್ದೋ?'

ಆದರೂ ಆ ಮನುಷ್ಯ ದಾರಿ ಬಿಟ್ಟುಕೊಟ್ಟರು. ಕಾರ್ಖಾನೆಯ ಪರ್ಮನೆಂಟರಲ್ಲಿ ಒಬ್ಬರು ತಮ್ಮ ಮುಂದೆ ಬಂದು, ಇವರಿಬ್ಬರೂ ಒಬ್ಬರೇ, ನಾನು ಕಣ್ಣಾರೆ ಬಲ್ಲೆ ಅಂತ ಬರೆದು ಸಹಿ ಹಾಕಲಿ, ಯಾದಿ ಹೋಗುವ ಮೊದಲು ಆಗಬೇಕು ಅಂದರು.

ಕಾರ್ಖಾನೆಯಲ್ಲಿ ಹಸಿರು ಏಪ್ರನ್ನಿನವರಿಗೂ ನೀಲಿಯವರಿಗೂ ಮಾತುಕತೆಯೇ ಕಡಿಮೆ. ಅಲ್ಲಿ ಅವಳನ್ನು ಮಾಯಾ ಅಂತ ಬಲ್ಲ ನೀಲಿ ಏಪ್ರನ್ ಒಂದೇ ಇತ್ತು. ದಿನಾ ಇವಳದರ ಬಾಜುವಿಗೇ ತಂತಿಯ ಮೇಲೆ ಒಣಗುವುದು.

ಭಾನುವಾರ ಶೀತಲ ಮಾಳಿಗೆಯ ಮೇಲೆ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಮಾಯಾ ಹೋಗಿ ಇನ್ನೊಂದು ತುದಿ ಹಿಡಿದಳು.

"ಅಕ್ಕಾ, ಒಂದ ಸಹಿ ಬೇಕಾಗಿತ್ತ."

"ಕೇಳೀನಿ. ಏನಂತ ಬರೀಬೇಕಂತ?"

"ನಾ ಮಾಯಾ ಅಂತ."

"ನಾ ಎಂದರ ನಿನ್ನ ಮಾಯಾ ಅಂತ ಕರದೇನೇನ?"

ಕರೆದಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಶೀತಲ ಅವಳನ್ನು 'ಏ ಪಾರಿಶ್ವಾಡದಾಕಿ' ಅನ್ನುತ್ತಿದ್ದಳು. ಸಿಟ್ಟು ಬಂದರೆ 'ಸಾವಂತ್ರಾ'. ಕುರಿಯವರ ಮನೆಯವಳು ಅಂತ ಚುಚ್ಚುತ್ತಾಳೆ ಅಂತ ಮಾಯಾ ತಿಳಿದಿದ್ದಳು. ಶೀತಲಳ ತವರಿನಲ್ಲೂ ಕುರಿಗಳೇ ಇದ್ದವು, ಅದು ಬೇರೆ.

"ಅವತ್ತ ಮೆಟ್ಟಲ ಮ್ಯಾಲೆ ನಿಂತಿದ್ದಿ," ಮಾಯಾ ಅಂದಳು. "ಆ ಲ್ಯಾಬಿನಾಕಿ ಹೆಸರ ಬರಕೊಳ್ಳೂವಾಗ. ಕಾರ್ಖಾನ್ಯಾಗಿನ ಹೆಸರ ನಿನಗ ಗೊತ್ತಿತ್ತ. ಯಾಕ ಸುಮ್ಮನಿದ್ದಿ?"

"ಹೇಳಾಕ ಬಾಯಿ ತೆಗದಿದ್ದೆ."

"ಮತ್ತ?"

"ಅತ್ತಿಯಾರು 'ನಮ್ಮ ಮಾಯಾ' ಅಂದ್ರು. ಮುಚ್ಚಿದೆ."

ಹಾಸಿಗೆಯನ್ನು ಕಟ್ಟೆಯ ಮೇಲೆ ಹರವಿ ಶೀತಲ ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಬಡಿದಳು. "ನಿನ್ನ ಲಗ್ನದಾಗ ಅಕ್ಕಿ ತಾಟ ಹಿಡ್ಕೊಂಡ ನಿಂತಾಕಿ ನಾನ. ಕೈ ನೋಯಾಕ ಹತ್ತಿತ್ತ, ನಿನ್ನ ಗಂಡ ಒಂದೊಂದ ಅಕ್ಷರ ಕೆತ್ತಿದಂಗ ಬರದಾ. ನನ್ನ ಲಗ್ನದಾಗ ಮಾವನವರು ದವಾಖಾನ್ಯಾಗ. ಅಕ್ಕೀನೂ ಇಲ್ಲ, ಉಂಗರಾನೂ ಇಲ್ಲ. ತಾಳಿ ಕಟ್ಟಿಸಿ ಎಲ್ಲಾರೂ ಅತ್ತಾಗ ಓಡಿದ್ರು. ಈ ಮನ್ಯಾಗ ನನಗ ಯಾರೂ ಹೆಸರ ಇಡಲಿಲ್ಲ. ತವರಿಂದ ತಂದಿದ್ದರಲೇ ಬಾಳೇ ಮಾಡಾಕ ಹತ್ತೇನಿ."

"ನಿನ್ನ ಹೆಸರ ಛಲೋ ಐತಿ ಅಂತ ಬದಲ ಮಾಡಿರಾಕಿಲ್ಲ."

"ಛಲೋ ಐತಿ ಅಂತ ಯಾರರ ಒಮ್ಮೆ ಅಂದಿದ್ರ ಸಾಕಿತ್ತ." ಶೀತಲ ಕೈ ಝಾಡಿಸಿದಳು. "ಈಗ ನಿನ್ನ ಆ ಮಾಯಾ ಹೆಸರ ನನ್ನ ಕೈಲೇ ಬರಸತೀರಿ. ನೋಡೂಣು."

ನಮ್ಮ ಕಡೆ ನೋಡೂಣು ಅಂದರೆ ನೋಡುವುದಿಲ್ಲ ಅಂತ ಅರ್ಥ. ಮಾಯಾ ಅಲ್ಲೇ ನಿಂತಳು. ಬೇಡುವುದು ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಕುದಿಯುವುದೊಂದೇ. ಅದನ್ನೇ ಹೊರಗೆ ಹಾಕಿದಳು.

"ನಿನಗೇನ ಕಮ್ಮಿ ಆಗೇತಿ ಅಕ್ಕಾ? ನೀ ಜ್ವರ ಬಂದ ಮಲಗಿದ್ದಿಯಲ್ಲ, ಅತ್ತಿಯಾರು ನಿನಗ ಕಿತ್ತಳಿ ಸುಲದ ಕಳಸತಿದ್ರು. ನಾ ರೊಟ್ಟಿ ಬಡಕೋತ ಅಳತಿದ್ದೆ. ಜ್ವರ ನಿನಗ ಬಂತಂತ ಅಲ್ಲ, ನನಗ ಬರಲಿಲ್ಲಂತ."

ಶೀತಲಳ ಕೈ ನಿಂತಿತು. "ಖರೇನ?"

"ಖರೇ."

"ಆ ಕಿತ್ತಳಿ ಹುಳಿ ಇದ್ದೂವು."

"ಇರ್ಲಿ. ಸುಲದಿದ್ರಲ್ಲ."

ಶೀತಲ ಕಟ್ಟೆಯ ಮೇಲೆ ಕೂತಳು. ಮುಖದಲ್ಲಿ ಏನೋ ಸಡಿಲವಾಯಿತು. ತನ್ನನ್ನು ನೋಡಿ ಯಾರಾದರೂ ಹೊಟ್ಟೆ ಉರಿದುಕೊಂಡಾರು ಅಂತ ಅವಳಿಗೆ ಆವರೆಗೆ ಹೊಳೆದೇ ಇರಲಿಲ್ಲ. ಆ ಕೆಲಸ ತನ್ನದೊಬ್ಬಳದೇ ಅಂದುಕೊಂಡಿದ್ದಳು.

"ಮತ್ತೇನೇನ ಅನಸತಿತ್ತ?" ಕೇಳಿದಳು. ದನಿ ತಗ್ಗಿತ್ತು.

ಮಾಯಾಳಿಗೆ ಇದು ಯಾವ ಪೇಟೆ, ಏನು ಬೆಲೆ ಅಂತ ಥಟ್ಟನೆ ತಿಳಿಯಿತು. ಪಕ್ಕದಲ್ಲಿ ಕೂತು ಬಿಚ್ಚತೊಡಗಿದಳು. ನೀಲಿ ಏಪ್ರನ್ನು ಬೇಗ ಒಣಗುವುದು. ಊಟದ ಬಿಡುವಿನಲ್ಲಿ ನೀಲಿಯವರು ಫ್ಯಾನಿನ ಕೆಳಗೆ ಕೂರುವುದು. ಶೀತಲಳ ಕೆಮ್ಮಿನ ಗತ್ತು, ತಾನು ಅದನ್ನು ಕಲಿಯಲು ಹೋಗಿ ಹಿಟ್ಟಿನ ಮೇಲೆ ಬೈಸಿಕೊಂಡದ್ದು. ಅಲ್ಲಿಗೆ ಬಂದಾಗ ಶೀತಲ ಸೆರಗು ಬಾಯಿಗೆ ಒತ್ತಿ ನಕ್ಕಳು. "ಹೆಂಗ ಕೆಮ್ಮಿದಿ? ಕೆಮ್ಮಿ ತೋರಸು." ಮಾಯಾ ಕೆಮ್ಮಿ ತೋರಿಸಿದಳು. ಕೆಳಗಿನಿಂದ ಸಾತವ್ವ, "ಮತ್ತ ಯಾರಿಗಿ ಬಂತ?" ಅಂತ ಕೂಗಿದಳು.

ಮರುದಿನ ಊಟದ ಬಿಡುವಿನಲ್ಲಿ ಇಬ್ಬರೂ ಬಸವಪ್ರಸಾದರ ಮುಂದೆ ನಿಂತರು.

"ಇವರ ಹೆಸರ ಮಾಯಾ ಅಂತ ನಿಮಗ ಹೆಂಗ ಗೊತ್ರಿ?"

"ಹೆಸರ ಬರೀವಾಗ ತಾಟ ಹಿಡದಾಕಿ ನಾನ ರೀ," ಅಂದಳು ಶೀತಲ. "ಅರ್ಧಾ ಅಕ್ಕಿ ನನ್ನ ಕಾಲ ಮ್ಯಾಲೆ ಬಿದ್ದಿತ್ತ."

"ಅದನ್ನ ಬರೀಬ್ಯಾಡ್ರಿ. ಬರೇ ಕಣ್ಣಾರೆ ಕಂಡೇನಿ ಅಂತ ಬರೀರಿ."

ಶೀತಲ ಬರೆದಳು. 'ಸಾವಂತ್ರವ್ವ' ಸರಸರ ಬಂತು. 'ಮಾಯಾ' ಬರುವಾಗ ಪೆನ್ನು ಒಮ್ಮೆ ತಡೆಯಿತು. ಆಮೇಲೆ ಅದನ್ನೂ ಬರೆದು, ಮಾಯಾಳ ಮುಖ ನೋಡದೆ, ಊಟದ ಡಬ್ಬಿ ಎತ್ತಿಕೊಂಡು ಫ್ಯಾನಿನ ಕಡೆ ಹೋದಳು.

ರಜೆ ಪಾಸಾಯಿತು, ಯಾದಿ ಹೋಯಿತು. ಯಾದಿ ಮರಳಿ ಬಂದಾಗ ಮಾಯಾಳ ಹೆಸರು, ಅಂದರೆ ಸಾವಂತ್ರವ್ವನ ಹೆಸರು, ಅದರಲ್ಲಿತ್ತು. ನೀಲಿ ಏಪ್ರನ್ ಸಿಕ್ಕಿತು. ಅದೂ ಹಸಿರಿನಷ್ಟೇ ನಿಧಾನವಾಗಿ ಒಣಗುತ್ತದೆ ಅಂತ ಅವಳಿಗೆ ತುಸು ನಿರಾಸೆಯಾಯಿತು.

ಗಜಾನನ ಹೊಟ್ಟೆಯಲ್ಲಿ ಊಟ ಇಟ್ಟುಕೊಳ್ಳುತ್ತಾನೆ, ಮಾತು ಇಟ್ಟುಕೊಳ್ಳುವುದಿಲ್ಲ. ಶೀತಲ ಮಾಳಿಗೆಯ ಮೇಲೆ ಹೇಳಿದ್ದೆಲ್ಲ ಹೆಂಡತಿಯಿಂದ ಅವನಿಗೆ, ಅವನಿಂದ ತಾಯಿಗೆ ಮುಟ್ಟಿತು. ಸಾತವ್ವ ಆಮೇಲೆ ಸ್ವಲ್ಪ ದಿನ ಹಿರೇ ಸೊಸೆಯ ಮುಖವನ್ನು ಕದ್ದು ಕದ್ದು ನೋಡಿದಳು. ಒಂದು ಸೋಮವಾರ, ಮಚ್ಛೆಯ ಕಡೆ ಕರೆಂಟಿಲ್ಲದೆ ಕಾರ್ಖಾನೆಗೆ ಸೂಟಿ, ಅವಳು ತಾಟಿನ ತುಂಬ ಅಕ್ಕಿ ಹರವಿ, ತನ್ನ ಬೆರಳಿನ ಉಂಗುರವನ್ನು ಸಾಬೂನು ಹಚ್ಚಿ ಎಳೆದು ತೆಗೆದು ಅಡಿಗೆಮನೆಗೆ ತಂದಳು. ಮಾಯಾ ಒಲೆಯ ಮುಂದಿದ್ದಳು. ಶೀತಲ ಮೆಂತ್ಯ ಸೋಸುತ್ತಿದ್ದಳು.

"ಶೀತಲಾ, ಬಾಳ ತಡಾ ಆತವಾ," ಅಂದಳು ಸಾತವ್ವ. "ನಿನಗ ಯಾವ ಹೆಸರ ಬೇಕ ಹೇಳು. ರಾತ್ರಿ ನಿನ್ನ ಗಂಡ ಬಂದ ಮ್ಯಾಲೆ ಬರಸೂಣು. ಪೇಢೇನೂ ತರಸತೇನಿ."

ಶೀತಲ ಕೈಯ ಸೊಪ್ಪು ಕೆಳಗಿಟ್ಟು ಅಕ್ಕಿಯನ್ನು ಬಹಳ ಹೊತ್ತು ನೋಡಿದಳು. ಒಂದು ಬೆರಳು ಚಾಚಿ ಅಂಚಿನ ಅಕ್ಕಿ ಸರಿಮಾಡಿದಳು.

"ಬ್ಯಾಡ್ರಿ ಅತ್ತಿ. ನಾಳೆ ಮತ್ತೊಂದ ಅಲಿ ಬಂದ್ರ ನನ್ನ ರಜಾಕ್ಕ ಈಕಿ ಸಹಿ ಹಾಕಬೇಕಾಗತೇತಿ."

"ಹಂಗಾರ ಇರ್ಲಿ ಬಿಡು," ಸಾತವ್ವ ಉಂಗುರವನ್ನು ಬೆರಳಿಗೆ ಏರಿಸಿಕೊಳ್ಳುತ್ತ ಅಂದಳು. "ನಿನ್ನ ಹೆಸರ ಮೊದಲಿಂದಾನೂ ಛಲೋ ಐತಿ."

ಶೀತಲ ತಲೆ ಬಗ್ಗಿಸಿ ಮತ್ತೆ ಮೆಂತ್ಯಕ್ಕೆ ಕೈ ಹಾಕಿದಳು. ಕಡ್ಡಿಗಳ ಜತೆ ಎಲೆಗಳೂ ಕಸಕ್ಕೆ ಹೋಗುತ್ತಿದ್ದವು, ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮಾಯಾ ರೊಟ್ಟಿ ತಿರುವಿ ಹಾಕುವುದನ್ನು ಬಿಟ್ಟು ಅತ್ತೆಯನ್ನೇ ನೋಡುತ್ತಿದ್ದಳು.

"ಅತ್ತಿ, ಆಕಿಗಿ ಯಾವ ಹೆಸರ ಬೇಕ ಅಂತ ಕೇಳಿದ್ರಿ. ನನ್ನ ಯಾಕ ಕೇಳಿರಲಿಲ್ಲ?"

"ನೀ ಆವಾಗ ಹೊಸಾಕಿ ಇದ್ದಿ," ಅಂದಳು ಸಾತವ್ವ, ತಾಟಿನ ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತ. "ಹೊಸಬರನ್ನ ಯಾರ ಕೇಳತಾರ?"